ಏನು ಬಿಟ್ಟಿದ್ದಾರೆ?

ಮರೆಗುಳಿತನವನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಾದ ಎಂಎಂಎಸ್‌ಇ ಪರೀಕ್ಷೆ ಅಮೆರಿಕದಲ್ಲಿ 1975ರಲ್ಲಿ ಹುಟ್ಟಿದ್ದು. ಮೂವತ್ತು ಅಂಕ, ಹತ್ತು ನಿಮಿಷದ ಕೆಲಸ. ನೂರರಿಂದ ಏಳೇಳು ಕಳೆಯುತ್ತ ಹೋಗಿ, ಒಂದು ಪದದ ಸ್ಪೆಲಿಂಗ್ ಹಿಂದಿನಿಂದ ಹೇಳಿ, ಈ ಎರಡು ಪಂಚಭುಜಗಳನ್ನು ನೋಡಿ ಬರೆಯಿರಿ. ನರಮನೋವಿಜ್ಞಾನದ ವಿದ್ಯಾರ್ಥಿನಿಯಾಗಿ ನಾನೂ ಅದನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅದು ಅಳೆಯುವುದು ಅರ್ಧ ಮಿದುಳನ್ನು, ಇನ್ನರ್ಧ ಶಾಲೆಯನ್ನು ಎಂಬುದು ಮನದಟ್ಟಾದದ್ದು ಕೋಲಾರದ ಕಡೆಯ ಹಳ್ಳಿಗಳಲ್ಲಿ. ಜೀವಮಾನದಲ್ಲಿ ಪೆನ್ಸಿಲ್ ಹಿಡಿಯದ ಅಜ್ಜಿಗೆ ಪಂಚಭುಜ ಬರೆಯಲು ಬಾರದು. ಅದೇ ಅಜ್ಜಿ, ಡೇರಿಯ ಬಟವಾಡೆಯಲ್ಲಿ ಹಿಂಡಿಯ ದುಡ್ಡು ಮುರಿದುಕೊಂಡು ಕೈಗೆಷ್ಟು ಬರಬೇಕು ಎಂಬುದನ್ನು ನಿಂತಲ್ಲೇ ಹೇಳುತ್ತಿದ್ದರು.

ಇದನ್ನು ಮೊದಲು ಕಂಡವಳು ನಾನೇನಲ್ಲ. ಹರಿಯಾಣದ ಬಲ್ಲಭಗಢದಲ್ಲಿ ಕೆಲಸ ಮಾಡಿದ ತಂಡ 1995ರಲ್ಲೇ ಆ ಪರೀಕ್ಷೆಯನ್ನು ಓದುಬರಹ ಬಾರದವರಿಗೆಂದು ಹಿಂದಿಯಲ್ಲಿ ಹೊಸದಾಗಿ ಕಟ್ಟಿತ್ತು. ಸ್ಪೆಲಿಂಗ್ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳಿದರೆ ಸಾಕು. ಮುಂದೆ ಐಸಿಎಂಆರ್ ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ಒಂದು ಪರೀಕ್ಷಾ ಸರಣಿಯನ್ನೇ ಸಿದ್ಧಪಡಿಸಿತು. ನನಗೆ ಅತ್ಯಂತ ಇಷ್ಟವಾದದ್ದು ಒಂದು ನಿಮಿಷದಲ್ಲಿ ಪ್ರಾಣಿಗಳ ಹೆಸರು ಹೇಳಿಸುವುದು. ಬೆಂಗಳೂರಿನ ನಿವೃತ್ತ ಅಧಿಕಾರಿಗಳು ಸಿಂಹದಿಂದ ಶುರುಮಾಡಿ ಜಿರಾಫೆಗೆ ಬರುತ್ತಾರೆ, ಮೃಗಾಲಯ ಸುತ್ತಿದ ಹಾಗೆ. ಹಳ್ಳಿಯವರದು ಕೊಟ್ಟಿಗೆಯಿಂದ ಹೊರಡುತ್ತದೆ: ಹಸು, ಎಮ್ಮೆ, ಕುರಿ, ಮೇಕೆ, ಕೋಳಿ. ಕೋಳಿಗೆ ಅಂಕ ಕೊಡಬೇಕೋ ಬೇಡವೋ ಎಂದು ಕಿರಿಯ ಸಹೋದ್ಯೋಗಿಗಳು ಜಗಳವಾಡಿದ್ದೂ ಉಂಟು. (ಕೊಡಬೇಕು.)

ಆದರೆ ಪರೀಕ್ಷೆ ಎಷ್ಟೇ ಒಳ್ಳೆಯದಾಗಲಿ, ರೋಗ ನಿರ್ಣಯಕ್ಕೆ ಅದಷ್ಟೇ ಸಾಲದು. ದಿನನಿತ್ಯದ ಬದುಕಿಗೆ ಅಡ್ಡಿಯಾಗಿದ್ದರೆ ಮಾತ್ರ ಡಿಮೆನ್ಷಿಯಾ. ಅದನ್ನು ಹೇಳಬೇಕಾದವರು ಮನೆಯವರು, ನಮ್ಮಲ್ಲಿ ತೊಡಕು ಶುರುವಾಗುವುದು ಅಲ್ಲಿಯೇ. ಅತ್ತೆಗೆ ವಯಸ್ಸಾಯಿತೆಂದು ಸೊಸೆ ಒಂದೊಂದೇ ಕೆಲಸವನ್ನು ತನ್ನ ಕೈಗೆ ತೆಗೆದುಕೊಂಡಿರುತ್ತಾಳೆ. ಅಡುಗೆ ಇಲ್ಲ, ಸಂತೆ ಇಲ್ಲ, ದುಡ್ಡು ಕಾಸು ಮಗನ ಹತ್ತಿರ. ಮಾಡಲು ಕೆಲಸವೇ ಇಲ್ಲದವರು ಕೆಲಸ ತಪ್ಪುವುದೆಲ್ಲಿ? “ಮರೆಯುತ್ತಾರಾ?” ಎಂದರೆ ಮಗ “ಇಲ್ಲ ಮೇಡಂ, ಅಮ್ಮ ಚೆನ್ನಾಗೇ ಇದ್ದಾರೆ” ಎನ್ನುತ್ತಾನೆ. “ವಯಸ್ಸಾಯ್ತಲ್ಲ, ಅರಳುಮರಳು” ಎಂದು ಪಕ್ಕದವರು ಸೇರಿಸುತ್ತಾರೆ. ಹೀಗಾಗಿ ನಾನು ಪ್ರಶ್ನೆಯನ್ನೇ ಬದಲಿಸಿಕೊಂಡೆ. ಮೊದಲು ಮಾಡುತ್ತಿದ್ದು ಈಗ ಬಿಟ್ಟಿರುವುದು ಏನು? ಬಿಟ್ಟರೋ, ನೀವೇ ಬಿಡಿಸಿದಿರೋ? ಯಾಕೆ ಬಿಡಿಸಿದಿರಿ? ಮೂರನೆಯದನ್ನು ಸೊಸೆಯನ್ನೇ, ಅದೂ ಅಡುಗೆಮನೆಯಲ್ಲಿ ಕೇಳಬೇಕು. “ಹಬ್ಬದ ದಿನ ಒಬ್ಬಟ್ಟಿಗೆ ಹೂರಣ ರುಬ್ಬಿಟ್ಟು, ಕಣಕ ಕಲಸಿದ್ದೀನಾ ಅಂತ ನಾಲ್ಕು ಸಲ ಕೇಳಿದ್ರು, ಅವತ್ತಿಂದ ನಾನೇ ಮಾಡ್ತೀನಿ” ಎಂದಳೊಬ್ಬಳು. ಯಾವ ಅಂಕಪಟ್ಟಿಯಲ್ಲೂ ಅಷ್ಟು ಸ್ಪಷ್ಟವಾದ ಉತ್ತರ ನನಗೆ ಸಿಕ್ಕಿಲ್ಲ.

2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಸಮೀಕ್ಷೆಯ ಅಂದಾಜಿನಂತೆ, ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಅಲ್ಲಿ ತಜ್ಞರು ಅಂಕದ ಜೊತೆಗೆ ಮನೆಯವರ ಹೇಳಿಕೆಯನ್ನೂ ತೂಗಿ ನೋಡಿದ್ದರು, ಆದ್ದರಿಂದಲೇ ಆ ಸಂಖ್ಯೆಯ ಮೇಲೆ ನನಗೆ ನಂಬಿಕೆ.

ಡಾ. ಸುವರ್ಣಾ ಅಲ್ಲಾಡಿ ಅವರ ತಂಡ ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ಎಲ್ಲರೂ ಉದಾಹರಿಸುತ್ತಾರೆ: ಒಂದಕ್ಕಿಂತ ಹೆಚ್ಚು ಭಾಷೆಯಾಡುವವರಲ್ಲಿ ರೋಗ ತಲೆದೋರಿದ್ದು ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ಅಂತರ ಕಂಡಿತು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಎಂದು ಬೆಳೆದ ಕೋಲಾರದವರಿಗೆ ಇದನ್ನು ಹೇಳಿದರೆ ಹಿಗ್ಗುತ್ತಾರೆ. ಆದರೆ ತಡವಾಗುವುದು ಬೇರೆ, ಬಾರದಿರುವುದು ಬೇರೆ. ನಿವೃತ್ತರಾದ ಮೇಲೆ ಫ್ರೆಂಚ್ ತರಗತಿಗೆ ಸೇರಿದರೆ ಬಚಾವಾ ಎಂದು ಕೇಳುವವರಿಗೆ ನಾನು ಹೂಂ ಅನ್ನುವುದಿಲ್ಲ.

ಇಂಥ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಆರೋಗ್ಯವಾಗಿರುವವರನ್ನೇ ವರ್ಷಾನುಗಟ್ಟಲೆ ಹಿಂಬಾಲಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಲವತ್ತೈದು ದಾಟಿದ ಹತ್ತು ಸಾವಿರ ಜನರ ಗುರಿಯಿಟ್ಟುಕೊಂಡು ಅದನ್ನೇ ಮಾಡುತ್ತಿದೆ. ಫಲ ಕಾಣುವ ಹೊತ್ತಿಗೆ ನಾವೇ ಮುದುಕರಾಗಿರುತ್ತೇವೆ!

ಅಷ್ಟರವರೆಗೆ ಹಳ್ಳಿಯವರು ಕೇಳುವುದು ಒಂದೇ, ಮಾತ್ರೆ ಇದೆಯಾ? ಲಾನ್ಸೆಟ್ ಆಯೋಗ 2024ರಲ್ಲಿ ಹದಿನಾಲ್ಕು ಅಪಾಯಕಾರಿ ಅಂಶಗಳನ್ನು ಪಟ್ಟಿಮಾಡಿ, ಇವೆಲ್ಲ ಇಲ್ಲದಿದ್ದರೆ ಡಿಮೆನ್ಷಿಯಾದ ಶೇ. 45ರಷ್ಟನ್ನು ತಡೆಯಬಹುದಿತ್ತು ಅಥವಾ ಮುಂದೂಡಬಹುದಿತ್ತು ಎಂದಿತು. ಬಿಪಿ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಎಲ್ಲ ಅದರಲ್ಲಿವೆ, ಕಿವುಡುತನವೂ ಇದೆ. ಮಾತ್ರೆ ಕೇಳಿದ ಯಜಮಾನರೊಬ್ಬರು, ಕಿವಿ ತೋರಿಸಿಕೊಂಡು ಬನ್ನಿ ಎಂದಾಗ ನಕ್ಕುಬಿಟ್ಟರು. ಮಗಳು ಒತ್ತಾಯಿಸಿ ಯಂತ್ರ ಹಾಕಿಸಿದಳು. ಮುಂದಿನ ಸಲ ಅವರ ಅಂಕ ಏರಿತ್ತು. ಮೊದಲ ಸಲ ನನ್ನ ಅರ್ಧ ಪ್ರಶ್ನೆಗಳು ಅವರಿಗೆ ಕೇಳಿಸಿಯೇ ಇರಲಿಲ್ಲ. ಈಗ ನಮ್ಮ ತಂಡ ಕಿವಿ ಪರೀಕ್ಷಿಸಿದ ಮೇಲಷ್ಟೇ ಪ್ರಶ್ನೆಪತ್ರಿಕೆ ತೆಗೆಯುತ್ತದೆ.