ಗಲ್ಫ್‌ಗೆ ಹೊರಟಿರಾ? ಮೊಬೈಲನ್ನೂ ಸಜ್ಜುಗೊಳಿಸಿ

ವೀಸಾ ಬಂತು, ಮೆಡಿಕಲ್ ಮುಗಿಯಿತು, ಉಪ್ಪಿನಕಾಯಿ ಕಟ್ಟಿಯೂ ಆಯಿತು. ಮೊಬೈಲಿನ ಕಡೆ ಮಾತ್ರ ಯಾರ ಗಮನವೂ ಹೋಗುವುದಿಲ್ಲ. ಯುಎಇ, ಸೌದಿಯಲ್ಲಿ ರಾಜಕೀಯ ಪಕ್ಷಗಳೇ ಇಲ್ಲ. ಆಳುವವರನ್ನು, ಧರ್ಮವನ್ನು ಟೀಕಿಸಿದ ಒಂದು ಪೋಸ್ಟ್ ಸಾಕು, ಕೆಲಸವೂ ಹೋಗಿ ಜೈಲೂ ಸೇರಬೇಕಾದೀತು.

ಹೊರಡುವ ಮೊದಲು ಹಳೆಯದನ್ನು ಜಾಲಾಡಿ. ಫೇಸ್‌ಬುಕ್‌ನ ‘ಆ್ಯಕ್ಟಿವಿಟಿ ಲಾಗ್’ ತೆರೆದರೆ ನೀವು ಮರೆತೇಬಿಟ್ಟ ಪೋಸ್ಟ್, ಕಾಮೆಂಟ್, ಲೈಕ್ ಎಲ್ಲವೂ ಸಿಗುತ್ತವೆ. 2020ರ ಏಪ್ರಿಲ್‌ನಲ್ಲಿ ಕೊರೊನಾ ನೆಪದಲ್ಲಿ ಮುಸ್ಲಿಮರನ್ನು ಹೀಯಾಳಿಸಿದ ಪೋಸ್ಟ್‌ಗಳಿಂದಾಗಿ ಯುಎಇಯಲ್ಲಿ ಹಲವು ಭಾರತೀಯರು ಕೆಲಸ ಕಳೆದುಕೊಂಡರು. ತಾರತಮ್ಯ ಕಾನೂನಿಗೆ ವಿರುದ್ಧವೆಂದು ಆಗಿನ ರಾಯಭಾರಿ ಪವನ್ ಕಪೂರ್ ಅವರೇ ಟ್ವೀಟ್ ಮಾಡಬೇಕಾಯಿತು. ದ್ವೇಷದ ಮಾತು ಅಳಿಸಲೇಬೇಕಾದದ್ದು, ಬಿಡಿ. ಆದರೆ ನ್ಯಾಯವಾದ ಟೀಕೆಯನ್ನೂ ಅಲ್ಲಿ ಅದೇ ತಕ್ಕಡಿಯಲ್ಲಿ ತೂಗುತ್ತಾರೆ. ಇದು ಸರಿಯೇ ಎಂದರೆ, ಖಂಡಿತ ಅಲ್ಲ. ಅಪಾಯ ಮಾತ್ರ ನಿಮ್ಮದೇ.

ಆಮೇಲೆ ವಾಟ್ಸ್‌ಆ್ಯಪ್ ಗ್ರೂಪುಗಳು. ನಿಜವಾದ ಗಂಡಾಂತರ ಇರುವುದು ಇಲ್ಲೇ. ‘ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ’ ಎಂಬ ಸಬೂಬು ನಡೆಯದು. 2022ರ ಜನವರಿ 2ರಿಂದ ಜಾರಿಯಲ್ಲಿರುವ ಯುಎಇ ಸೈಬರ್ ಕಾನೂನಿನಲ್ಲಿ ಸುಳ್ಳು ಸುದ್ದಿ, ವದಂತಿ ಹಂಚಿದವರಿಗೆ ಕನಿಷ್ಠ 1 ವರ್ಷ ಜೈಲು, 1 ಲಕ್ಷ ದಿರ್ಹಂ ದಂಡ. ಸಾಂಕ್ರಾಮಿಕ, ವಿಪತ್ತಿನ ಹೊತ್ತಿನಲ್ಲಾದರೆ ಎರಡೂ ದುಪ್ಪಟ್ಟು. ಸೌದಿಯ 2007ರ ಸೈಬರ್ ಕಾನೂನಿನಲ್ಲಿ 5 ವರ್ಷದವರೆಗೆ ಜೈಲು, 30 ಲಕ್ಷ ರಿಯಾಲ್‌ವರೆಗೆ ದಂಡ. ರಾಜಕೀಯದ ಗ್ರೂಪುಗಳಿಂದ ಹೊರಬನ್ನಿ, ಅಡ್ಮಿನ್ ಆಗಿದ್ದರೆ ಬೇರೆಯವರಿಗೆ ವಹಿಸಿ. ಊರಿನ ಚುನಾವಣೆ ಜಗಳವನ್ನು ನಿಮ್ಮ ನಂಬರಿಗೆ ಕಳಿಸಬೇಡಿರೆಂದು ಮನೆಯವರಿಗೂ ಹೇಳಿಡಿ.

ಪ್ರೊಫೈಲ್ ಲಾಕ್ ಮಾಡಿ, ಎರಡು ಹಂತದ ಪರಿಶೀಲನೆ ಹಾಕಿ. ಕರಾವಳಿಯ ಒಬ್ಬರ ಹೆಸರಿನಲ್ಲಿ ಇನ್ಯಾರೋ ನಕಲಿ ಖಾತೆ ತೆರೆದು ಸೌದಿ ದೊರೆಮನೆತನದ ವಿರುದ್ಧ ಬರೆದರು. 2019ರ ಕೊನೆಗೆ ಸೌದಿಯಲ್ಲಿ ಬಂಧನಕ್ಕೊಳಗಾದ ಆ ಅಮಾಯಕ ಊರಿಗೆ ಮರಳಿದ್ದು 2021ರಲ್ಲಿ. ಹೆಂಡತಿ ಇಲ್ಲಿ ದೂರು ಕೊಟ್ಟಿದ್ದರಿಂದಲೇ ನಕಲಿ ಖಾತೆಯ ಜಾಡು ಸಿಕ್ಕಿತು. ನಿಮ್ಮ ಹೆಸರನ್ನು ಫೇಸ್‌ಬುಕ್‌ನಲ್ಲಿ ಆಗಾಗ ಹುಡುಕಿ ನೋಡಿ. ನಕಲಿ ಕಂಡರೆ ಲಿಂಕ್, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಅಂದೇ ಜಿಲ್ಲೆಯ ಸೆನ್ (ಸೈಬರ್ ಅಪರಾಧ) ಠಾಣೆಗೆ ಮನೆಯವರಿಂದ ದೂರು ಕೊಡಿಸಿ.

ಅಲ್ಲಿ ಇಳಿದ ಮೇಲೆ ಕೆಲವು ಸಣ್ಣ ಎಚ್ಚರಗಳು. ಯುಎಇಯಲ್ಲಿ ವಾಟ್ಸ್‌ಆ್ಯಪ್ ಮೆಸೇಜ್ ನಡೆಯುತ್ತದೆ, ಕರೆ ನಡೆಯುವುದಿಲ್ಲ. ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್ ಬಳಸಿ. ಕಂಪನಿ ಕೆಲಸಕ್ಕೆ ವಿಪಿಎನ್ ಬಳಸಿದರೆ ತಪ್ಪಿಲ್ಲ. ಅಪರಾಧಕ್ಕೋ ಅದನ್ನು ಮುಚ್ಚಿಡಲೋ ಬಳಸಿದರೆ ದಂಡವೇ 5 ಲಕ್ಷದಿಂದ 20 ಲಕ್ಷ ದಿರ್ಹಂ. ಅಪಘಾತದ ಫೋಟೊ, ಅಪರಿಚಿತರ ವಿಡಿಯೊ ಹಾಕಬೇಡಿ. ಊರಿನ ರೋಗಿಯ ಚಿಕಿತ್ಸೆಗೆ ಹಣ ಕೇಳುವ ಪೋಸ್ಟನ್ನೂ ಹಂಚಬೇಡಿ, ಚಂದಾ ಎತ್ತಲು ಅಲ್ಲಿ ಪರವಾನಗಿ ಬೇಕು.

ಇಷ್ಟಾದರೂ ಪೊಲೀಸರ ಕರೆ ಬಂತೆನ್ನಿ. ಆಗ ಪೋಸ್ಟ್ ಅಳಿಸಲು ಕೂರಬೇಡಿ, ಸಾಕ್ಷ್ಯ ನಾಶದ ಆರೋಪವೂ ಸೇರೀತು. ಅರೇಬಿಕ್ ಕಾಗದಕ್ಕೆ ಅರ್ಥವಾಗದೆ ಸಹಿ ಹಾಕಬೇಡಿ, ಅನುವಾದಕರನ್ನು ಕೇಳಿ. ರಾಯಭಾರ ಕಚೇರಿಗೆ ತಿಳಿಸಿ. ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ಮನೆಯವರೂ ದೂರು ದಾಖಲಿಸಬಹುದು. ಅದಕ್ಕಾಗಿ ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರಿನ ಪ್ರತಿಗಳನ್ನು ಹೊರಡುವ ಮುನ್ನವೇ ಮನೆಯಲ್ಲಿ ಬಿಟ್ಟು ಹೋಗಿ.