ಮಕ್ಕಳ ಮನಸ್ಸಿಗೆ ಆಸರೆಯಾಗಲು ತರಬೇತಿ: ಯಾರಿಗೆ, ಎಲ್ಲಿ, ಹೇಗೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಶಿಕ್ಷಕರು, ವಾರ್ಡನ್‌ಗಳು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರಿಗೆ ಹಂತ ಹಂತದ ಕೈಪಿಡಿ

ವಿಜಯಪುರ ಜಿಲ್ಲೆಯ ಹಳ್ಳಿಯಲ್ಲಿ ಮಗುವೊಂದು ಮಂಕಾದರೆ ಅದು ಮೊದಲು ಕಣ್ಣಿಗೆ ಬೀಳುವುದು ಶಾಲೆಯ ಶಿಕ್ಷಕರಿಗೆ, ಹಾಸ್ಟೆಲ್ ವಾರ್ಡನ್‌ಗೆ, ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆಗೆ. ಮನೋವೈದ್ಯರ ಸರದಿ ಬರುವುದು ಆಮೇಲೆ. ಎಷ್ಟೋ ಸಲ ಬರುವುದೇ ಇಲ್ಲ. ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಸುಮಾರು 80 ಕಿ.ಮೀ. ಮಗುವನ್ನು ಕರೆದುಕೊಂಡು ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ‘ದೊಡ್ಡಾಂವ ಆದರ ಸರಿಹೋಗ್ತಾನ’ ಎಂಬ ಮಾತಿನಲ್ಲೇ ವರ್ಷಗಳು ಉರುಳುತ್ತವೆ.

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇ 7.3 ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆ ಕಂಡುಬಂದಿತ್ತು. ನೂರು ಮಕ್ಕಳ ಪ್ರೌಢಶಾಲೆಯಲ್ಲಿ ಏಳು ಮಕ್ಕಳು ಎಂದು ಲೆಕ್ಕ ಹಾಕಿಕೊಳ್ಳಿ. ಇದರ ಮೇಲೆ ನಮ್ಮ ಭಾಗದ್ದೇ ಆದ ಭಾರಗಳಿವೆ: ಅಪ್ಪ–ಅವ್ವ ಗೋವಾಕ್ಕೋ ಮಹಾರಾಷ್ಟ್ರದ ಕಬ್ಬಿನ ಗದ್ದೆಗೋ ಗುಳೆ ಹೋದಾಗ ಅಜ್ಜಿಯ ಬಳಿ ಉಳಿಯುವ ತಾಂಡಾದ ಮಕ್ಕಳು, ಮದುವೆಯ ಮಾತು ಶುರುವಾದೊಡನೆ ಶಾಲೆ ಬಿಡುವ ಹುಡುಗಿಯರು, ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಹೆದರುವವರು.

ತಜ್ಞರಲ್ಲದವರೂ ಈ ಕೆಲಸ ಕಲಿಯಬಹುದು ಎಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವ ತರಬೇತಿ ಕೊಟ್ಟಿತು. ಆ ಪ್ರಯೋಗವೇ ಮಾದರಿಯಾಗಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಆದರೆ ಬಳ್ಳಾರಿಯ ಪಾಠದಲ್ಲಿ ಇನ್ನೊಂದು ಮಾತೂ ಇದೆ: ತರಬೇತಿ ಪಡೆದವರ ಬೆನ್ನಿಗೆ ತಜ್ಞರು, ಔಷಧಿ, ಕಳಿಸುವ ದಾರಿ ಇರಬೇಕು. ಅದಿಲ್ಲದಿದ್ದರೆ ಸರ್ಟಿಫಿಕೇಟು ಗೋಡೆಗಷ್ಟೇ ಚೆಂದ.

ಹಂತ 1: ನಿಮ್ಮ ಮೆಟ್ಟಿಲು ಯಾವುದು, ತಿಳಿದುಕೊಳ್ಳಿ

ಈ ಕೆಲಸದಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದು, ತೊಂದರೆ ಗುರುತಿಸಿ, ಕೇಳಿಸಿಕೊಂಡು, ಸರಿಯಾದ ಕಡೆ ಕಳಿಸುವುದು. ಶಿಕ್ಷಕರು, ವಾರ್ಡನ್‌ಗಳು, ಆಶಾ, ಅಂಗನವಾಡಿ ಕಾರ್ಯಕರ್ತೆಯರು ಇಲ್ಲಿದ್ದಾರೆ. ಕೆಲವು ದಿನಗಳ ತರಬೇತಿ ಇವರಿಗೆ ಸಾಕು. ಎರಡನೆಯದು ಆಪ್ತ ಸಮಾಲೋಚನೆ. ಇದಕ್ಕೆ ಡಿಪ್ಲೊಮಾ ಅಥವಾ ಸ್ನಾತಕೋತ್ತರ ಓದು, ಅನುಭವಿಗಳ ಮೇಲ್ವಿಚಾರಣೆ ಬೇಕು. ಮೂರನೆಯದು ಚಿಕಿತ್ಸೆ. ಅದು ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ಕೆಲಸ.

ಮೊದಲ ಮೆಟ್ಟಿಲಲ್ಲಿ ನಿಂತು ಮೂರನೆಯದರ ಕೆಲಸಕ್ಕೆ ಕೈ ಹಾಕಬೇಡಿ. ಮಗುವಿಗೆ ‘ಡಿಪ್ರೆಶನ್ ಇದೆ’, ‘ಎಡಿಎಚ್‌ಡಿ ಇದೆ’ ಎಂದು ಹೆಸರು ಹಚ್ಚುವುದು ನಿಮ್ಮ ಕೆಲಸವಲ್ಲ. ‘ಮೂರು ವಾರದಿಂದ ಸರಿಯಾಗಿ ಉಣ್ಣುತ್ತಿಲ್ಲ, ಗೆಳತಿಯರ ಜತೆ ಆಡುತ್ತಿಲ್ಲ, ನೋಟ್ಸ್ ಬರೆಯುವುದನ್ನು ಬಿಟ್ಟಿದ್ದಾಳೆ’ ಎಂದು ಕಂಡದ್ದನ್ನು ಬರೆದುಕೊಟ್ಟರೆ ವೈದ್ಯರಿಗೆ ಅದೇ ದೊಡ್ಡ ನೆರವು.

ಹಂತ 2: ಸರ್ಕಾರದ ತರಬೇತಿಗಳನ್ನು ಮೊದಲು ಕೇಳಿ

ದುಡ್ಡು ಕೊಟ್ಟು ಆನ್‌ಲೈನ್ ಕೋರ್ಸ್ ಸೇರುವ ಮುನ್ನ ಇವುಗಳನ್ನು ವಿಚಾರಿಸಿ:

• ಸಂವಾದ್: ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಬೆಂಬಲದಿಂದ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ 2020ರಿಂದ ನಡೆಯುತ್ತಿದೆ. ಸಂಕಷ್ಟದಲ್ಲಿರುವ ಮಕ್ಕಳ ಜತೆ ಕೆಲಸ ಮಾಡುವವರಿಗಾಗಿ ಇರುವ ತರಬೇತಿ. ಬಾಲಮಂದಿರ ಸಿಬ್ಬಂದಿ, ಮಕ್ಕಳ ರಕ್ಷಣಾ ಘಟಕದವರು, ಶಿಕ್ಷಕರು ವಿಚಾರಿಸಬಹುದು.

• ಶಾಲಾ ಆರೋಗ್ಯ ಕಾರ್ಯಕ್ರಮ: ಆಯುಷ್ಮಾನ್ ಭಾರತ್ ಅಡಿ 2020ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳಾಗಿ ತಯಾರು ಮಾಡಬೇಕು. ಇದರ 11 ವಿಷಯಗಳಲ್ಲಿ ಭಾವನಾತ್ಮಕ ಕ್ಷೇಮ ಮತ್ತು ಮಾನಸಿಕ ಆರೋಗ್ಯವೂ ಒಂದು. ನಿಮ್ಮ ಶಾಲೆಯ ರಾಯಭಾರಿಗಳು ಯಾರು ಎಂದು ಮುಖ್ಯಶಿಕ್ಷಕರನ್ನು ಕೇಳಿ.

• ಯುವ ಸ್ಪಂದನ: ನಿಮ್ಹಾನ್ಸ್ ಮತ್ತು ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಜತೆಯಾಗಿ ರೂಪಿಸಿದ ಕಾರ್ಯಕ್ರಮ. ಯುವಜನರನ್ನೇ ‘ಯುವ ಪರಿವರ್ತಕ’ರನ್ನಾಗಿ ತರಬೇತುಗೊಳಿಸಿ ಕಾಲೇಜು, ಹಳ್ಳಿಗಳಿಗೆ ಕಳಿಸುತ್ತದೆ. ಸಮಾಜ ಕಾರ್ಯ ಓದಿದ ಯುವಕ, ಯುವತಿಯರು ವಿಜಯಪುರದ ಇಲಾಖಾ ಕಚೇರಿಯಲ್ಲಿ ಮಾಹಿತಿ ಪಡೆಯಬಹುದು.

• ದೀಕ್ಷಾ ವೇದಿಕೆ ಮತ್ತು ಮನೋದರ್ಪಣ: ಶಿಕ್ಷಕರಿಗೆ ಮೊಬೈಲ್‌ನಲ್ಲೇ ಸಿಗುವ ಪಾಠಗಳು. ಅಡಿಪಾಯಕ್ಕೆ ಸರಿ, ಎದುರುಬದುರು ಕೂತು ಮಾಡುವ ಅಭ್ಯಾಸಕ್ಕೆ ಇವು ಬದಲಿಯಲ್ಲ.

ಒಬ್ಬಿಬ್ಬರು ಕೇಳಿದರೆ ಕೆಲಸವಾಗುವುದು ಕಷ್ಟ. ಒಂದು ಕ್ಲಸ್ಟರ್‌ನ ಇಪ್ಪತ್ತು–ಮೂವತ್ತು ಮಂದಿ ಸೇರಿ ಅರ್ಜಿ ಬರೆಯಿರಿ. ಶಿಕ್ಷಕರಾದರೆ ಬಿಇಒ ಮೂಲಕ, ಅಂಗನವಾಡಿಯವರಾದರೆ ಸಿಡಿಪಿಒ ಮೂಲಕ, ಆಶಾ ಆದರೆ ತಾಲ್ಲೂಕು ಆರೋಗ್ಯಾಧಿಕಾರಿ ಮೂಲಕ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ಕಳಿಸಿ. ಎಷ್ಟು ಮಂದಿ, ಯಾವ ವಯಸ್ಸಿನ ಮಕ್ಕಳ ಜತೆ ಕೆಲಸ, ಕಂಡಿರುವ ತೊಂದರೆಗಳೇನು, ಯಾವ ತಿಂಗಳು ಅನುಕೂಲ — ಈ ನಾಲ್ಕು ವಿಷಯ ಅರ್ಜಿಯಲ್ಲಿರಲಿ. ಮಗುವಿನ ಹೆಸರು ಬೇಡ.

ಹಂತ 3: ತರಬೇತಿಯಲ್ಲಿ ಏನಿದೆ, ಮೊದಲೇ ಪರೀಕ್ಷಿಸಿ

ಭಾಷಣ ಕೇಳಿ ಊಟ ಮಾಡಿ ಬರುವ ಕಾರ್ಯಾಗಾರ ನಮಗೆ ಹೊಸದಲ್ಲ. ಸೇರುವ ಮುನ್ನ ವಿಷಯಪಟ್ಟಿ ಕೇಳಿ. ಇಷ್ಟಾದರೂ ಇರಬೇಕು:

1. ವಯಸ್ಸಿಗೆ ತಕ್ಕ ಬೆಳವಣಿಗೆ: ಆರು ವರ್ಷದ ಮಗುವಿನ ಹಟಕ್ಕೂ ಹದಿನಾಲ್ಕರ ಸಿಟ್ಟಿಗೂ ಇರುವ ವ್ಯತ್ಯಾಸ.

2. ಕಲಿಕಾ ನ್ಯೂನತೆ, ಬುದ್ಧಿಮಾಂದ್ಯ, ಮಾನಸಿಕ ಕಾಯಿಲೆ ಬೇರೆ ಬೇರೆ ಎಂಬ ತಿಳಿವಳಿಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ರಿಯಾಯಿತಿ ಕೇಳಬಹುದು. ‘ದಡ್ಡ’ ಎನ್ನಿಸಿಕೊಂಡ ಎಷ್ಟೋ ಮಕ್ಕಳ ಸಮಸ್ಯೆ ಇಲ್ಲೇ ಸಿಕ್ಕುತ್ತದೆ.

3. ಆತ್ಮಹತ್ಯೆಯ ಯೋಚನೆಯ ಬಗ್ಗೆ ನೇರವಾಗಿ ಕೇಳುವ ಅಭ್ಯಾಸ.

4. ಲೈಂಗಿಕ ದೌರ್ಜನ್ಯ, ಬಾಲ್ಯವಿವಾಹದ ಸುಳಿವು ಸಿಕ್ಕಾಗ ಮಾಡಬೇಕಾದ ಕಾನೂನು ಕೆಲಸ.

5. ಪಾತ್ರಾಭಿನಯ ಮತ್ತು ತರಬೇತಿಯ ನಂತರವೂ ತಜ್ಞರ ಜತೆ ಚರ್ಚಿಸುವ ವ್ಯವಸ್ಥೆ.

ಕೊನೆಯದು ಇಲ್ಲದ ತರಬೇತಿಗೆ ಅಂಕ ಅರ್ಧವೇ.

ಹಂತ 4: ಮಾತಾಡಿಸುವುದನ್ನು ಬಾಯಿಬಿಟ್ಟು ಅಭ್ಯಾಸ ಮಾಡಿ

ವಿಶ್ವ ಆರೋಗ್ಯ ಸಂಸ್ಥೆಯ ಮಾನಸಿಕ ಪ್ರಥಮ ಚಿಕಿತ್ಸೆಯ ತಿರುಳು ಮೂರೇ ಮಾತು: ನೋಡು, ಕೇಳು, ಜೋಡಿಸು. ಇದನ್ನು ಇಬ್ಬಿಬ್ಬರು ಜೋಡಿಯಾಗಿ ಅಭಿನಯಿಸಿ ಕಲಿಯಬೇಕು. ಒಂದು ಮಾದರಿ ನೋಡಿ. ವಸತಿ ಶಾಲೆಯ ಏಳನೇ ತರಗತಿ ಹುಡುಗ ಸೋಮವಾರ ಬೆಳಿಗ್ಗೆ ಬರುತ್ತಾನೆ.

‘ಅಕ್ಕೋರ, ಹೊಟ್ಟಿ ನೋಯಾಕತ್ತೈತ್ರಿ.’

ರೂಢಿಯ ಉತ್ತರ: ‘ಸೋಮವಾರ ಬಂತಂದ್ರ ನಿಂದು ಇದ ಕಥಿ. ಹೋಗಿ ಕೂಡು.’

ತರಬೇತಿ ಪಡೆದವರ ಉತ್ತರ: ‘ಹೌದಾ? ಬಾ, ಇಲ್ಲೆ ಕೂಡು. ಯಾವಾಗಿಂದ ನೋಯಾಕತ್ತೈತಿ?’

‘ಭಾಳ ದಿನ ಆತ್ರಿ.’

‘ರಾತ್ರಿ ನಿದ್ದಿ ಬರ್ತೈತೇನು?’

‘ಇಲ್ರಿ. ಅವ್ವ, ಅಪ್ಪ ಗೋವಾಕ್ಕ ಹೋಗ್ಯಾರ್ರಿ.’

ಇಲ್ಲಿ ‘ಗಂಡಸ ಆಗಿ ಅಳ್ತಿಯೇನು’ ಎಂದರೆ ಬಾಗಿಲು ಮುಚ್ಚಿತು. ‘ಅವ್ವನ ನೆನಪಾಗಿ ನಿದ್ದಿ ಬರವಲ್ದು, ಹೌದಲ್ಲೊ?’ ಎಂದು ಅವನ ಮಾತನ್ನೇ ತಿರುಗಿ ಹೇಳಿದರೆ ಇನ್ನಷ್ಟು ಮಾತು ಬರುತ್ತದೆ. ಆಮೇಲಿನದು ಜೋಡಿಸುವ ಕೆಲಸ: ಹೊಟ್ಟೆನೋವನ್ನು ಆರೋಗ್ಯ ಕೇಂದ್ರದಲ್ಲಿ ತೋರಿಸುವುದು, ವಾರಕ್ಕೆ ಎರಡು ಸಲ ಅವ್ವನಿಗೆ ಫೋನ್ ಮಾಡಿಸುವುದು, ಎರಡು ವಾರ ಗಮನಿಸುವುದು. ಸುಧಾರಿಸದಿದ್ದರೆ ಮುಂದಕ್ಕೆ ಕಳಿಸುವುದು.

‘ಬದುಕೇ ಬ್ಯಾಡ ಅನಿಸೈತಿ’ ಎಂಬ ಧಾಟಿಯ ಮಾತು ಬಂದರೆ ಸುತ್ತಿ ಬಳಸಬೇಡಿ. ‘ಸಾಯಬೇಕು ಅನ್ನೂ ವಿಚಾರ ಬಂದೈತೇನು?’ ಎಂದೇ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ; ಹೇಳಿಕೊಂಡು ಹಗುರಾಗಲು ದಾರಿಯಾಗುತ್ತದೆ. ಹೌದು ಎಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಬೇಡಿ, ಅವತ್ತೇ ಪಾಲಕರಿಗೂ ಆಸ್ಪತ್ರೆಗೂ ತಿಳಿಸಿ. ತೊಗರಿ, ಹತ್ತಿ, ದ್ರಾಕ್ಷಿ ಬೆಳೆಯುವ ಮನೆಗಳಲ್ಲಿ ಹೊಲಕ್ಕೆ ಹೊಡೆಯುವ ಎಣ್ಣೆ (ಕೀಟನಾಶಕ) ಕೈಗೆಟಕುವಂತಿರುತ್ತದೆ. ಡಬ್ಬಿಗಳನ್ನು ಬೀಗ ಹಾಕಿಡಲು ಇಲ್ಲವೇ ಬೇರೆ ಕಡೆ ಸಾಗಿಸಲು ಮನೆಯವರಿಗೆ ಹೇಳುವುದೂ ಜೀವ ಉಳಿಸುವ ಕೆಲಸ.

ಮನೆಯವರು ದೇವರ ಕಾಟ, ಗಾಳಿ ಎಂದರೆ ನಗಬೇಡಿ. ‘ಗುಡಿಗೂ ಹೋಗ್ರಿ, ದರ್ಗಾಕ್ಕೂ ಹೋಗ್ರಿ, ದವಾಖಾನಿ ಬಿಡಬ್ಯಾಡ್ರಿ’ ಎನ್ನುವವರ ಮಾತಿಗೆ ಬೆಲೆ ಹೆಚ್ಚು.

ಹಂತ 5: ಕಳಿಸುವ ದಾರಿಯ ಪಟ್ಟಿ ಸಿದ್ಧವಿರಲಿ

ತರಬೇತಿ ಮುಗಿದ ವಾರದಲ್ಲೇ ಒಂದು ಹಾಳೆಯಲ್ಲಿ ಬರೆದು ಸ್ಟಾಫ್ ರೂಮಿನಲ್ಲಿ ಅಂಟಿಸಿ:

• ತಾಲ್ಲೂಕು ಆಸ್ಪತ್ರೆ: ‘ಮನೋಚೈತನ್ಯ’ ಯೋಜನೆಯಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಕೇಳಿ ಗುರುತು ಮಾಡಿಕೊಳ್ಳಿ.

• ಸ್ನೇಹ ಕ್ಲಿನಿಕ್: 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗೆ.

• ಜಿಲ್ಲಾ ಆಸ್ಪತ್ರೆ, ವಿಜಯಪುರ: ಜಿಲ್ಲಾ ಮಾನಸಿಕ ಆರೋಗ್ಯ ತಂಡ. ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನಲ್ಲೂ ಮನೋವೈದ್ಯ ವಿಭಾಗವಿದೆ.

• ಧಾರವಾಡದ ಡಿಮ್ಹಾನ್ಸ್: ತೀವ್ರ ತೊಂದರೆಗೆ ಉತ್ತರ ಕರ್ನಾಟಕದ ದೊಡ್ಡ ಸರ್ಕಾರಿ ಆಸರೆ.

• ಟೆಲಿ ಮನಸ್ 14416: 2022ರ ಅಕ್ಟೋಬರ್ 10ರಂದು ಶುರುವಾದ ಉಚಿತ ಸಹಾಯವಾಣಿ. ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡಬಹುದು. ಏನು ಮಾಡಬೇಕೆಂದು ತೋಚದ ಶಿಕ್ಷಕರೂ ಕರೆ ಮಾಡಬಹುದು.

• ಮಕ್ಕಳ ಸಹಾಯವಾಣಿ 1098, ತುರ್ತಿಗೆ 112.

ಹಂತ 6: ಕಾನೂನು ಗೊತ್ತಿರಲಿ

ಮಗು ಹೇಳಿದ್ದನ್ನು ಸ್ಟಾಫ್ ರೂಮಿನಲ್ಲಿ ಹರಟೆಯಾಗಿಸುವುದು, ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ದೊಡ್ಡ ದ್ರೋಹ. ಆದರೆ ಗುಟ್ಟು ಕಾಯುವುದಕ್ಕೂ ಮಿತಿಯಿದೆ. 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಜೈಲು. ಊರ ಹಿರಿಯರ ಮುಂದೆ ಬಗೆಹರಿಸಿಕೊಳ್ಳುವ ವಿಷಯವಲ್ಲ ಇದು. ಬಾಲ್ಯವಿವಾಹ ಕರ್ನಾಟಕದಲ್ಲಿ ಮೊದಲಿಂದಲೇ ಅಸಿಂಧು. ಸುಳಿವು ಸಿಕ್ಕೊಡನೆ 1098ಕ್ಕೆ ತಿಳಿಸಿ. ಹೊಡೆತವಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ ಎಂಬುದು ನಮಗೆ, ಶಿಕ್ಷಕರಿಗೆ, ನೆನಪಿರಲಿ.

ಹಂತ 7: ಇದೇ ವೃತ್ತಿಯಾಗಬೇಕೆಂದರೆ

ಸೇವೆಯಲ್ಲಿರುವ ಶಿಕ್ಷಕರಿಗೆ ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಸಮಾಲೋಚನೆ ಡಿಪ್ಲೊಮಾ ಒಳ್ಳೆಯ ಆಯ್ಕೆ. ಒಂದು ವರ್ಷದ ಈ ಕೋರ್ಸ್‌ನಲ್ಲಿ ಆರು ತಿಂಗಳು ದೂರಶಿಕ್ಷಣ, ಮೂರು ತಿಂಗಳು ನೇರ ತರಗತಿ, ಮೂರು ತಿಂಗಳು ತಮ್ಮ ಊರಲ್ಲೇ ಇಂಟರ್ನ್‌ಶಿಪ್. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದರ ಅಧ್ಯಯನ ಕೇಂದ್ರಗಳಲ್ಲೊಂದು. ಕೆಲಸ ಬಿಡದೆ ಓದುವವರಿಗೆ ಇಗ್ನೊದಲ್ಲಿದ್ದ ಮನಃಶಾಸ್ತ್ರ ಎಂ.ಎ.ಗೆ 2025ರಿಂದ ಹೊಸ ಪ್ರವೇಶ ನಿಂತಿದೆ. ಹೆಣ್ಣುಮಕ್ಕಳು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ ವಿಚಾರಿಸಬಹುದು. ಚಿಕಿತ್ಸೆಯ ಮೆಟ್ಟಿಲಿಗೆ ಡಿಮ್ಹಾನ್ಸ್, ನಿಮ್ಹಾನ್ಸ್‌ಗಳ ಉನ್ನತ ತರಬೇತಿ ಬೇಕು.

ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಕಡ್ಡಾಯ. ಕೋರ್ಸ್‌ಗಳ ಸ್ವರೂಪ ಬದಲಾಗುತ್ತಿರುವುದರಿಂದ ಶುಲ್ಕ ಕಟ್ಟುವ ಮುನ್ನ ಆ ವರ್ಷದ ಮಾನ್ಯತೆ ಪರೀಕ್ಷಿಸಿ. ವಾರಾಂತ್ಯದ ಆನ್‌ಲೈನ್ ಕೋರ್ಸ್ ಮುಗಿಸಿ ‘ಚೈಲ್ಡ್ ಸೈಕಾಲಜಿಸ್ಟ್’ ಎಂದು ಬರೆದುಕೊಳ್ಳುವವರಿಂದ ದೂರವಿರಿ. ನೀವೂ ಹಾಗೆ ಬರೆದುಕೊಳ್ಳಬೇಡಿ.

ಹಂತ 8: ತಿಂಗಳಿಗೊಮ್ಮೆ ಕೂಡಿ, ವರ್ಷದ ಕ್ಯಾಲೆಂಡರ್ ಮಾಡಿ

ಕೇಳಿಸಿಕೊಂಡವರ ಮನಸ್ಸೂ ಭಾರವಾಗುತ್ತದೆ. ತರಬೇತಿ ಪಡೆದ ನಾಲ್ಕೈದು ಮಂದಿ ತಿಂಗಳಿಗೊಮ್ಮೆ ಸೇರಿ, ಹೆಸರು ಹೇಳದೆ, ಕಠಿಣವೆನಿಸಿದ ಪ್ರಸಂಗಗಳನ್ನು ಚರ್ಚಿಸಿ. ಜಿಲ್ಲಾ ತಂಡದ ಸೈಕಾಲಜಿಸ್ಟ್ ಫೋನಿನಲ್ಲಾದರೂ ಸೇರಿಕೊಳ್ಳುವಂತೆ ಕೇಳಿ.

ಜೂನ್‌ನಲ್ಲಿ ಹಾಸ್ಟೆಲ್ ಸೇರುವ ಹೊಸ ಮಕ್ಕಳ ಮೇಲೆ ಕಣ್ಣಿಡಿ. ದೀಪಾವಳಿ ಕಳೆದ ಮೇಲೆ ಗುಳೆ ಹೋದ ಮನೆಗಳ ಮಕ್ಕಳನ್ನು ಪಟ್ಟಿ ಮಾಡಿ. ಜನವರಿಯಿಂದ ಹತ್ತನೇ ತರಗತಿಯವರ ಜತೆ, ಅವರ ಪಾಲಕರ ಜತೆ ಮಾತಾಡಿ. ಫಲಿತಾಂಶದ ದಿನ ಅನುತ್ತೀರ್ಣರಾದವರ ಮನೆಗೆ ಯಾರಾದರೂ ಒಬ್ಬರು ಹೋಗಿ, ‘ಪರೀಕ್ಷೆ–2 ಐತಿ, ಫಾರ್ಮ್ ನಾನ ತುಂಬಿಸ್ತೀನಿ’ ಎಂದು ಅವತ್ತೇ ಹೇಳಿ ಬರಬೇಕು.

ಇಷ್ಟಕ್ಕೆಲ್ಲ ಆದೇಶ ಬರಲಿ ಎಂದು ಕಾಯಬೇಕಿಲ್ಲ. ಈ ವಾರ ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ ಮನೋವೈದ್ಯರು ಬರುವ ಮಂಗಳವಾರ ಯಾವುದೆಂದು ಕೇಳಿ, 14416ನ್ನು ಹಾಸ್ಟೆಲ್ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ, ತರಬೇತಿಯ ಅರ್ಜಿಗೆ ಸಹಿ ಸಂಗ್ರಹಿಸಲು ಶುರು ಮಾಡಿ.