ಕುರ್ಚಿಯ ಕಾಯಕ, ಕಾಯದ ಆರೈಕೆ

ಶರಣರ ಕಾಯಕಗಳನ್ನು ನೆನೆದಾಗ ಮೈಮುರಿದು ದುಡಿಯುವ ದೃಶ್ಯಗಳೇ ನಮ್ಮ ಕಣ್ಮುಂದೆ ಬರುತ್ತವೆ. ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮಡಿವಾಳ ಮಾಚಯ್ಯನವರು ಬಟ್ಟೆ ಒಗೆದರು, ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ಆದರೆ ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿ ಬಸವಣ್ಣನವರು ಲೆಕ್ಕ ಬರೆದದ್ದೂ ಕಾಯಕವೇ. ಆದ್ದರಿಂದ ಕುಳಿತು ಮಾಡುವ ಕೆಲಸದ ಬಗ್ಗೆ ನಮ್ಮ ಆಕ್ಷೇಪವಿಲ್ಲ. ದಿನಕ್ಕೆ ಎಂಟು ತಾಸು ಕುರ್ಚಿಯಲ್ಲಿಯೇ ಇರುವ ದೇಹದ ಗತಿಯೇನು ಎಂಬುದಷ್ಟೇ ನಮ್ಮ ಚಿಂತೆ.

ಕೆಲವು ತಿಂಗಳುಗಳ ಹಿಂದೆ ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ಭಕ್ತರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ವಯಸ್ಸು 48. ರಕ್ತಪರೀಕ್ಷೆಯ ವರದಿಯನ್ನು ಮೇಜಿನ ಮೇಲಿಟ್ಟು, "ದಿನಾ ಮುಂಜಾನೆ ಒಂದು ತಾಸು ತಪ್ಪದ ಅಡ್ಡಾಡತೀನ್ರಿ. ಆದ್ರೂ ನನಗ ಸಕ್ಕರಿ ಬ್ಯಾನಿ ಹೆಂಗ ಬಂತ್ರಿ?" ಎಂದು ನೊಂದು ಕೇಳಿದರು. ವಾಯುವಿಹಾರ ಮುಗಿದ ಮೇಲಿನ ದಿನಚರಿಯನ್ನು ಹೇಳಿರೆಂದೆವು. ಮನೆಯಿಂದ ಬ್ಯಾಂಕಿಗೆ ಸ್ಕೂಟರ್. ಹತ್ತರಿಂದ ಎರಡರವರೆಗೆ ಎದ್ದದ್ದೇ ಇಲ್ಲ. ಊಟದ ಡಬ್ಬಿ ತೆರೆಯುವುದೂ ಅದೇ ಮೇಜಿನ ಮೇಲೆ. ಬಳಿಕ ಸಂಜೆ ಆರರವರೆಗೆ ಕಂಪ್ಯೂಟರ್, ಮನೆಗೆ ಹೋದರೆ ದೂರದರ್ಶನದ ಮುಂದೆ ಮತ್ತೆ ಕುರ್ಚಿ. ಒಂದು ತಾಸಿನ ನಡಿಗೆ ಒಳ್ಳೆಯದೇ. ಉಳಿದ ಹಗಲೆಲ್ಲ ಅಲುಗಾಡದೆ ಕುಳಿತದ್ದನ್ನು ಅದೊಂದೇ ಅಳಿಸಿಹಾಕಲಾರದು.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಉಂಡ ಅನ್ನದಿಂದ ರಕ್ತಕ್ಕೆ ಸೇರಿದ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಉಗ್ರಾಣವೆಂದರೆ ನಮ್ಮ ಮಾಂಸಖಂಡಗಳು. ಅದರಲ್ಲಿಯೂ ತೊಡೆ ಮತ್ತು ಮೀನಖಂಡಗಳು ಬಲು ದೊಡ್ಡವು. ಅವು ಕೆಲಸ ಮಾಡುವಾಗ ಇನ್ಸುಲಿನ್ನಿನ ನೆರವು ಕಡಿಮೆಯಿದ್ದರೂ ಸಕ್ಕರೆಯನ್ನು ಎಳೆದುಕೊಳ್ಳಬಲ್ಲವು. ಕುಳಿತಾಗ ಆ ಉಗ್ರಾಣದ ಬಾಗಿಲು ಬಹುಪಾಲು ಮುಚ್ಚಿದಂತೆಯೇ ಸರಿ. ಕಾಲಿನ ರಕ್ತವನ್ನು ಹೃದಯದ ಕಡೆಗೆ ಮೇಲೆತ್ತುವುದೂ ಮೀನಖಂಡವೇ. ಸಂಜೆ ಪಾದ ಊದಿ ಚಪ್ಪಲಿ ಬಿಗಿಯಾಗುವುದು ಅದು ಸುಮ್ಮನಿದ್ದುದರಿಂದ.

1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಕುರಿತು ಪ್ರಕಟಿಸಿದ ಅಧ್ಯಯನ ಇಂದಿಗೂ ಪ್ರಸಿದ್ಧವಾಗಿದೆ. ದಿನವಿಡೀ ಕುಳಿತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿದು ಚೀಟಿ ಕೊಡುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. ನಮ್ಮ ಚರಕಸಂಹಿತೆಯಂತೂ ಪ್ರಮೇಹದ ಕಾರಣಗಳನ್ನು ಹೇಳುವಾಗ ಆಸ್ಯಾಸುಖವನ್ನು, ಎಂದರೆ ಕುಳಿತಿರುವ ಸುಖವನ್ನು, ಮೊಸರು ಬೆಲ್ಲಗಳಿಗಿಂತ ಮೊದಲೇ ಹೆಸರಿಸುತ್ತದೆ.

ಹಾಗಾದರೆ ಮಾಡಬೇಕಾದುದೇನು? ಅರ್ಧ ತಾಸಿಗೊಮ್ಮೆ ಎದ್ದು ಎರಡು ನಿಮಿಷ ನಡೆಯಬೇಕು. ಆ ಬ್ಯಾಂಕ್ ಅಧಿಕಾರಿಗಳಿಗೆ ನಾವು ಮೊದಲು ಹೇಳಿದ್ದು, ಮೇಜಿನ ಮೇಲಿನ ದೊಡ್ಡ ನೀರಿನ ಬಾಟಲಿಯನ್ನು ಮನೆಯಲ್ಲಿಟ್ಟು ಸಣ್ಣ ಲೋಟವೊಂದನ್ನು ಒಯ್ಯಿರೆಂದು. ನೀರು ಬೇಕೆಂದಾಗಲೆಲ್ಲ ಏಳಲೇಬೇಕಾಗುತ್ತದೆ. ಫೋನ್ ಬಂದರೆ ನಿಂತು ಮಾತನಾಡಬಹುದು, ಕಡತವನ್ನು ಜವಾನನ ಕೈಯಲ್ಲಿ ಕಳುಹಿಸದೆ ತಾವೇ ಕೊಟ್ಟು ಬರಬಹುದು. ಏಳಲಾಗದ ಹೊತ್ತಿನಲ್ಲಿ ಪಾದದ ಮುಂಭಾಗವನ್ನು ನೆಲದಲ್ಲಿಯೇ ಊರಿ ಹಿಮ್ಮಡಿಗಳನ್ನು ಎತ್ತಿ ಇಳಿಸುತ್ತಿರಬೇಕು. ಮೇಜಿನ ಕೆಳಗೆ ನಡೆಯುವ ಈ ಕೆಲಸ ಯಾರಿಗೂ ಕಾಣದು. ಮಧ್ಯಾಹ್ನ ಉಂಡ ಮೇಲೆ ನೂರು ಹೆಜ್ಜೆ ನಡೆಯಬೇಕೆಂಬ ಹಿರಿಯರ ಮಾತು ಅಕ್ಷರಶಃ ಸತ್ಯ. ಹತ್ತು ನಿಮಿಷವಾದರೆ ಇನ್ನೂ ಲೇಸು.

ಮಲಮೂತ್ರಾದಿ ವೇಗಗಳನ್ನು ತಡೆಯಬಾರದೆಂದು ಚರಕರು ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ವಿಧಿಸಿದ್ದಾರೆ. ವ್ಯಾಯಾಮದ ವಿಚಾರ ಬರುವುದೂ ಅದೇ ಅಧ್ಯಾಯದಲ್ಲಿಯೇ. ಕಚೇರಿಯವರು ಇವೆರಡರಲ್ಲಿಯೂ ತಪ್ಪುತ್ತಾರೆ. ಶುಚಿಯಾದ ಶೌಚಾಲಯವಿಲ್ಲವೆಂದು ಬೆಳಗಿನಿಂದ ನೀರನ್ನೇ ಕುಡಿಯದ ಎಷ್ಟೋ ತಾಯಂದಿರು ಉರಿಮೂತ್ರದಿಂದ ನಮ್ಮ ಬಳಿಗೆ ಬರುತ್ತಾರೆ. ಇದು ಅವರ ದೋಷವಲ್ಲ. ಕಚೇರಿಯ ಮೇಲಧಿಕಾರಿಗಳಾದ ಭಕ್ತರು ಈ ಸಾಲನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಬೇಕು.

ಊಟದ ವಿಷಯ. ತಂದೆ ಮೂರು ರೊಟ್ಟಿ ಉಂಡು ಹೊಲದಲ್ಲಿ ಕುಂಟೆ ಹೊಡೆದರು. ಮಗನೂ ಮೂರು ರೊಟ್ಟಿ ಉಂಡು ಕಂಪ್ಯೂಟರಿನ ಮುಂದೆ ಕೂಡುತ್ತಾನೆ. ಜೋಳದ ರೊಟ್ಟಿಯ ತಪ್ಪೇನೂ ಇಲ್ಲ. ಒಂದು ರೊಟ್ಟಿ ಕಡಿಮೆ ಮಾಡಿ, ಪಲ್ಯವನ್ನೂ ಕಾಳನ್ನೂ ಹೆಚ್ಚಿಸಿಕೊಂಡರೆ ಸಾಕು. ಆದರೆ ನಾಲ್ಕು ಗಂಟೆಯ ಮಿರ್ಚಿ ಭಜಿಯ ಪರವಾಗಿ ವಾದಿಸಲು ನಮಗೆ ಸಾಧ್ಯವಿಲ್ಲ.

ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆಂಬುದು ಆಯುರ್ವೇದದ ನಿಯಮ. ಉಸಿರಾಟಕ್ಕೆ ಬಾಯಿ ತೆರೆಯಬೇಕಾಗಿ ಬಂದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ನಲವತ್ತು ದಾಟಿದವರು ಮಕ್ಕಳ ಮಾತಿಗೆ ಒಮ್ಮೆಲೇ ಜಿಮ್ ಸೇರಿ ಭಾರ ಎತ್ತುವುದು ನಮಗೆ ಒಪ್ಪಿಗೆಯಿಲ್ಲ. ಮೊದಲು ರಕ್ತದೊತ್ತಡವನ್ನು ಪರೀಕ್ಷಿಸಿಕೊಂಡು ಹಂತಹಂತವಾಗಿ ಮುಂದುವರಿಯಬೇಕು. ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕು ನಡಿಗೆಯಂಥ ಶ್ರಮ, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಸೂರ್ಯನಮಸ್ಕಾರ ಇದಕ್ಕೆ ಅನುಕೂಲ. ಭಾನುವಾರ ಮಠದ ದಾಸೋಹದಲ್ಲಿ ಬಡಿಸುವ ಸೇವೆಗೆ ಬಂದರೂ ಆದೀತು: ಸಾರಿನ ಬಕೆಟ್ ಹಿಡಿದು ಪಂಕ್ತಿಯುದ್ದಕ್ಕೂ ಬಗ್ಗಿ ಏಳುವವರಿಗೆ ಅದರ ಅರಿವಾಗುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಎರಡೂ ಪಾದಗಳು ಸಂಜೆ ತುಸು ಊದಿ ಬೆಳಿಗ್ಗೆ ಇಳಿಯುವುದು ಬೇರೆ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುವುದು ಬೇರೆ. ಎರಡನೆಯದು ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಲಕ್ಷಣವಾಗಿರಬಹುದು. ಅದಕ್ಕೆ ಎಣ್ಣೆ ಹಚ್ಚಿ ತಿಕ್ಕಲೇಬಾರದು. ಅಭ್ಯಂಗವನ್ನು ಜೀವನವಿಡೀ ಹೊಗಳಿದ ನಾವೇ ಇದನ್ನು ಹೇಳುತ್ತಿದ್ದೇವೆ. ಹೆಪ್ಪು ಕಳಚಿ ಪುಪ್ಪುಸಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಉಸಿರು ಕಟ್ಟಿದರೆ ಅಥವಾ ಎದೆ ನೊಂದರೆ ಒಂದು ಕ್ಷಣವೂ ತಡಮಾಡಬಾರದು.

ಬ್ಯಾಂಕ್ ಅಧಿಕಾರಿಗಳು ಮೂರು ತಿಂಗಳ ನಂತರ ಮತ್ತೆ ಬಂದಿದ್ದರು. ಸಕ್ಕರೆ ಇಳಿದಿದೆ, ನಡುಪಟ್ಟಿಯನ್ನು ಒಂದು ತೂತು ಬಿಗಿ ಮಾಡಿಕೊಂಡಿದ್ದಾರೆ. ಮಾತ್ರೆ ನಿಲ್ಲಿಸಲೇ ಎಂದು ಕೇಳಿದರು. ಕೊಟ್ಟ ವೈದ್ಯರನ್ನು ಕೇಳದೆ ಬೇಡವೆಂದೆವು. ಅವರ ಶಾಖೆಯಲ್ಲಿ ಈಗ ಇನ್ನಿಬ್ಬರ ಮೇಜಿನ ಮೇಲೂ ಸಣ್ಣ ಲೋಟಗಳಿವೆಯಂತೆ.